ಟರ್ಕಿ ಕೋಳಿ ತಗೊಳ್ಳೋ ಮುಂದ ತಳಿ ನೋಡ್ರಿ

ಅಣ್ಣಾರ, ಯಾವ ಟರ್ಕಿ ಚಲೋ ಅಂತ ಕೇಳಿದ್ರಲ್ಲ, ನಮ್ಮ ಕೊಪ್ಪಳ ಕಡೆ ಬಿಸಿಲಿಗೆ ನನ್ನ ವೋಟ್ ಬೆಲ್ಟ್ಸ್‌ವಿಲ್ ಸ್ಮಾಲ್ ವೈಟ್‌ಗೇ. ಅಮೆರಿಕಾದ ಕೃಷಿ ಇಲಾಖೆಯವ್ರು ಸಣ್ಣ ಕುಟುಂಬಕ್ಕ, ಸಣ್ಣ ಒಲಿಗೆ ಹಿಡಿಲಿ ಅಂತ ಮಾಡಿದ ತಳಿ ಅದು, ಬಿಳಿ ಪುಕ್ಕ ಇರೋದ್ರಿಂದ ಬಿಸಿಲು ಸ್ವಲ್ಪ ತಡಕೊಂತಾವ, ಮತ್ತ ಹುಂಜ-ಹ್ಯಾಟಿ ತಾವೇ ಕೂಡ್ತಾವ, ತತ್ತಿನೂ ಚಲೋ ಇಡ್ತಾವ.

ಬ್ರಾಡ್ ಬ್ರೆಸ್ಟೆಡ್ ಬ್ರಾಂಜ್ ನೋಡಾಕ ಭಾರಿ ಚಂದ ಬಿಡ್ರಿ, ಪುಕ್ಕ ತಾಮ್ರದಂಗ ಹೊಳಿತಾವ, ನಾನೂ ಅದಕ್ಕ ಮರುಳಾಗಿ ತಂದಿದ್ದೆ. ಆದ್ರ ಎದಿ ಅಷ್ಟು ದಪ್ಪ, ಹುಂಜಕ್ಕ ಹ್ಯಾಟಿ ಮ್ಯಾಲ ಸರಿಯಾಗಿ ಏರಾಕ ಆಗಂಗಿಲ್ಲ, ಕೃತಕ ಗರ್ಭಧಾರಣೆ ಮಾಡಿಸಿದ್ರನ ಮರಿ. ಪುಕ್ಕ ಕಿತ್ತ ಮ್ಯಾಲೂ ಚರ್ಮದಾಗ ಕಪ್ಪು ಚುಕ್ಕಿ ಉಳಿತಾವ, ಗಿರಾಕಿ ಮುಖ ಸಿಂಡರಸ್ತಾರ. ಬ್ರಾಡ್ ಬ್ರೆಸ್ಟೆಡ್ ವೈಟ್‌ಗೆ ಆ ಚುಕ್ಕಿ ತಕರಾರಿಲ್ಲ, ಕೂಡೋ ತಾಪತ್ರಯ ಅದಕ್ಕೂ ಐತಿ, ಬರೇ ಮಾಂಸಕ್ಕ ಅಂದ್ರ ತಗೋರಿ.

ತತ್ತಿ ಒಡಿಯಾಕ 28 ದಿನ, ಜವಾರಿ ಕೋಳಿಗತೆ 21 ಅಲ್ಲ. ಮರಿಗೆ ಮೊದಲ ಕೆಲವು ದಿನ ಮೇವು ಹೆಕ್ಕಾಕ ಸರಿಯಾಗಿ ಬರಂಗಿಲ್ಲ, ನೀರಿನ ತಟ್ಟ್ಯಾಗ ಬಣ್ಣದ ಗೋಲಿ ಹಾಕ್ರಿ, ಕುಕ್ಕಿ ಕುಕ್ಕಿ ಕಲಿತಾವ. ಜವಾರಿ ಕೋಳಿ ಜೋಡಿ ಮಾತ್ರ ಒಂದೇ ಕಡೆ ಬಿಡಬ್ಯಾಡ್ರಿ, ಟರ್ಕಿ ಕರುಳು, ಪಿತ್ತಜನಕಾಂಗಕ್ಕ ಬಡಿಯೋ ಬ್ಲ್ಯಾಕ್‌ಹೆಡ್ ರೋಗ ಹೆಚ್ಚಾಗಿ ಆ ಕೋಳಿಗಳಿಂದ ಬರ್ತದ, ನಂದೊಂದು ಬ್ಯಾಚ್ ಹಂಗ ಹೋತು.