ಬದುವಿನ ಬಿಲ ಯಾರದು? ದಾಳಿಂಬೆ ತೋಟದಲ್ಲಿ ನಾನು ಪತ್ತೆ ಮಾಡಿದ ಬಗೆ

ತೋಟದಲ್ಲಿ ಬಿಲ ಕಂಡಿತೆಂದರೆ ನಮ್ಮ ಕಡೆ ಮೊದಲು ಬರುವ ಮಾತು ಹಾವಿನದು. "ಒಳಗೆ ದೊಡ್ಡದೇ ಇದೆ, ಹತ್ತಿರ ಹೋಗಬೇಡಿ" ಎಂದು ಹೇಳಿಬಿಟ್ಟರೆ ವಿಚಾರಣೆ ಮುಗಿದಂತೆ. ಒಳಗೆ ಹಾವು ಇರಬಹುದು, ನಿಜ. ಆದರೆ ನಾಗರ, ಕೇರೆ, ಕೊಳಕುಮಂಡಲ ಯಾವುದೂ ಬಿಲ ತೋಡುವುದಿಲ್ಲ. ಮಣ್ಣುಮುಕ್ಕ ಹಾವು ಸಡಿಲ ಮಣ್ಣಿನಲ್ಲಿ ಹುದುಗಿಕೊಳ್ಳುತ್ತದೆ, ಬಾಯಿ ತೆರೆದ ಬಿಲವನ್ನೇನೂ ಬಿಟ್ಟು ಹೋಗುವುದಿಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯನಾದಂತೆ, ಇಲಿ ತೋಡಿದ ಬಿಲಕ್ಕೂ ಅದೇ ಒಡೆಯ. ಹಾಗಾಗಿ ಬಿಲದ ಮುಂದೆ ನಿಂತವನು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ತೋಡಿದ್ದು ಯಾರು, ಈಗ ಇರುವುದು ಯಾರು? ಎರಡಕ್ಕೂ ಒಂದೇ ಉತ್ತರ ಸಿಗಬೇಕೆಂದೇನೂ ಇಲ್ಲ.

ನಮ್ಮ ತೋಟ ಕೊಪ್ಪಳ ಮತ್ತು ಕುಷ್ಟಗಿ ನಡುವಿನ ರಸ್ತೆಯಿಂದ ಒಳಗೆ, ಕಲ್ಲುಗುಡ್ಡವೊಂದರ ಬುಡದಲ್ಲಿದೆ. ಕೆಂಪು ಮಣ್ಣಿನ ಮಸಾರಿ ಭೂಮಿ, ಭಗವಾ ತಳಿಯ ದಾಳಿಂಬೆ, ಹನಿ ನೀರಾವರಿ. ಹಸ್ತ ಬಹಾರಿನ, ಅಂದರೆ ಮಳೆಗಾಲದ ಕೊನೆಗೆ ಹೂ ಬಿಡಿಸಿದ ಬೆಳೆಯ, ಕಾಯಿ ಇಳಿಸಿ ಗಿಡಗಳಿಗೆ ವಿಶ್ರಾಂತಿ ಕೊಟ್ಟಿದ್ದ ಬೇಸಿಗೆಯಲ್ಲಿ ಈ ತಂಟೆ ಶುರುವಾಯಿತು. ಸಾಲುಗಳ ನಡುವೆ ಅಲ್ಲಲ್ಲಿ ಸಣ್ಣ ಬಿಲಗಳು. ಗುಡ್ಡದ ಕಡೆಯ ಬದುವಿನಲ್ಲಿ, ಬಂಡೆಯೊಂದರ ಕೆಳಗೆ, ಮನುಷ್ಯನ ತಲೆ ತೂರುವಷ್ಟು ದೊಡ್ಡದೊಂದು ಬಿಲ. ಜೊತೆಗೆ ಡ್ರಿಪ್ ಪೈಪುಗಳು ಹಲವು ಕಡೆ ಕಡಿದುಹೋಗಿದ್ದವು, ಕೆಲವು ಗಿಡಗಳ ಬುಡದ ತೊಗಟೆ ಎದ್ದಿತ್ತು.

ಊರಿನಲ್ಲಿ ಅಭಿಪ್ರಾಯಗಳಿಗೆ ಬರವಿಲ್ಲ. ಪಕ್ಕದ ಹೊಲದವರು ಕಾಡುಹಂದಿ ಎಂದರು. ಸೋದರಮಾವ ಮೊಲ ಎಂದರು. ಔಷಧ ಸಿಂಪಡಿಸಲು ಬರುವ ಹುಡುಗ ಕರಡಿ ಎಂದು ಖಚಿತವಾಗಿ ಹೇಳಿ, ಸಂಜೆ ಐದರ ನಂತರ ಕೆಲಸಕ್ಕೆ ನಿಲ್ಲುವುದನ್ನೇ ಬಿಟ್ಟ. ಯಾವ ಹೆಸರನ್ನೂ ತಕ್ಷಣ ತಳ್ಳಿಹಾಕುವಂತಿರಲಿಲ್ಲ. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಕರಡಿ ಇವೆ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ವನ್ಯಧಾಮವಿದೆ. ನರಿ, ಉಡ, ಮುಂಗುಸಿ ಹೊಲದ ಬದುವಿನಲ್ಲೇ ಓಡಾಡುತ್ತವೆ. ಆದ್ದರಿಂದ ಹೆಸರು ಹೇಳುವ ಮೊದಲು ಗುರುತುಗಳನ್ನು ಕೂಡಿಸೋಣ ಎಂದು ಹೊರಟೆ.

ಕೆಲವು ಹೆಸರುಗಳು ಬೇಗನೆ ಬಿದ್ದುಹೋದವು. ಮೊಲವಂತೂ ಮೊದಲೇ. ಚಿತ್ರಪುಸ್ತಕಗಳಲ್ಲಿ ಬಿಲದಿಂದ ಇಣುಕುವ ಮೊಲ ಹೊರದೇಶದ್ದು. ನಮ್ಮ ಬಯಲಿನ ಮೊಲ ಬಿಲ ತೋಡುವುದಿಲ್ಲ. ಪೊದೆಯ ಬುಡದಲ್ಲಿ ಹುಲ್ಲು ತಗ್ಗಿಸಿಕೊಂಡು ಮಲಗುತ್ತದೆ, ಅಷ್ಟೇ. ಕಾಡುಹಂದಿ ಮೂತಿಯಿಂದ ನೆಲವನ್ನು ಉಳುತ್ತದೆ. ಅದು ಬಂದ ಹೊಲ ರೆಂಟೆ ಹೊಡೆದಂತೆ ಉದ್ದಕ್ಕೂ ಕೆದರಿರುತ್ತದೆ, ಅಲ್ಲಿ ಬಿಲ ಇರುವುದಿಲ್ಲ. ಕರಡಿ ಅಗೆಯುವುದು ಹುತ್ತದ ಗೆದ್ದಲಿಗಾಗಿ. ಆ ಗುಂಡಿ ಮೇಲೆ ಅಗಲವಾಗಿ ಕೆಳಗೆ ಕಿರಿದಾಗುತ್ತದೆ, ಗೋಡೆಯಲ್ಲಿ ಉಗುರಿನ ಉದ್ದ ಗೀರುಗಳು ಎದ್ದು ಕಾಣುತ್ತವೆ. ನಮ್ಮ ಬಂಡೆಯ ಹತ್ತಿರ ಹುತ್ತವೂ ಇರಲಿಲ್ಲ, ಅಂಥ ಗೀರೂ ಇರಲಿಲ್ಲ. ಚಿಪ್ಪುಹಂದಿಯೂ ಹುತ್ತದ ಗಿರಾಕಿಯೇ. ಅದು ಒಳಗೆ ಮಲಗಿದಾಗ ಬಿಲದ ಬಾಯಿಯನ್ನು ಒಳಗಿನಿಂದ ಮಣ್ಣಿನಿಂದ ಮುಚ್ಚಿಕೊಳ್ಳುವುದುಂಟು. ನಮ್ಮ ಬಿಲ ಹಗಲಿಡೀ ಬಾಯಿ ತೆರೆದುಕೊಂಡೇ ಇತ್ತು.

ಸಣ್ಣ ಬಿಲಗಳ ಲೆಕ್ಕ ಬೇರೆ. ಟೇಪು ಹಿಡಿದು ಅಳೆದರೆ ಬಾಯಿ ಎರಡು ಇಂಚಿನ ಆಸುಪಾಸು. ಮುಂದೆ ಸಡಿಲ ಮಣ್ಣು ಬೀಸಣಿಗೆಯ ಆಕಾರದಲ್ಲಿ ಚೆಲ್ಲಿತ್ತು. ಅಲ್ಲಿಂದ ಕೆಲವು ಹೆಜ್ಜೆ ದೂರದಲ್ಲಿ ಮಣ್ಣೇ ಇಲ್ಲದ ಇನ್ನೊಂದು ತೂತು. ಅದು ತಪ್ಪಿಸಿಕೊಳ್ಳುವ ದಾರಿ. ಹೆಗ್ಗಣದ ಬಿಲವಾಗಿದ್ದರೆ ಬಾಯಿ ಮೂರು ಇಂಚಿನಷ್ಟಿದ್ದು, ಮುಂದೆ ಮಣ್ಣಿನ ಗುಡ್ಡೆಯೇ ಬೀಳುತ್ತಿತ್ತು, ಬಾಯಿಗೆ ಮಣ್ಣಿನ ಬಿರಡೆಯೂ ಇರುತ್ತಿತ್ತು. ಗಂಗಾವತಿ ಕಡೆಯ ಭತ್ತದ ಗದ್ದೆಗಳ ಬದುವಿನಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ. ಅದೇ ಬದುವಿನಲ್ಲಿ ಏಡಿಯ ಬಿಲವೂ ಇರುತ್ತದೆ, ಆದರೆ ಅದರ ಅಂಚಿನಲ್ಲಿ ಹಸಿಮಣ್ಣಿನ ಉಂಡೆಗಳು ಕೂತಿರುವುದರಿಂದ ಗೊಂದಲವಾಗುವುದಿಲ್ಲ. ನಮ್ಮ ಒಣ ಮಸಾರಿಯಲ್ಲಿ ಇದ್ದದ್ದು ಬಯಲು ಇಲಿ: ಮೈ ಮರಳಿನ ಬಣ್ಣ, ಹೊಟ್ಟೆ ಬಿಳಿ, ಉದ್ದ ಬಾಲದ ತುದಿಯಲ್ಲಿ ಕೂದಲ ಕುಚ್ಚು. ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಅದು ಕುಪ್ಪಳಿಸಿ ಓಡಿದ್ದನ್ನು ಕಣ್ಣಾರೆ ಕಂಡ ಮೇಲೆ ಅದರ ಬಗ್ಗೆ ಚರ್ಚೆ ಉಳಿಯಲಿಲ್ಲ.

ಎಲ್ಲ ಬಿಲಗಳಲ್ಲೂ ಪ್ರಾಣಿ ಇರುತ್ತದೆ ಎಂದುಕೊಂಡರೆ ತೋಟದ ತುಂಬ ಇಲಿಯೇ ಕಾಣುತ್ತದೆ. ಸಂಜೆ ಎಲ್ಲ ತೂತುಗಳನ್ನೂ ಕಾಲಿನಿಂದ ಸಡಿಲ ಮಣ್ಣು ನೂಕಿ ಮುಚ್ಚಿ, ಬೆಳಗಾಗುತ್ತಲೇ ಯಾವುವು ತೆರೆದಿವೆ ಎಂದು ನೋಡಿ ಅವುಗಳ ಬಳಿ ಮಾತ್ರ ಕಡ್ಡಿ ನೆಟ್ಟೆ. ಅರ್ಧಕ್ಕಿಂತ ಹೆಚ್ಚು ಬಿಲಗಳು ಮುಚ್ಚಿದಂತೆಯೇ ಉಳಿದಿದ್ದವು. ಬಾಯಿಗೆ ಜೇಡರ ಬಲೆ ಕಟ್ಟಿದ ಬಿಲಕ್ಕೆ ಈ ಪರೀಕ್ಷೆಯೂ ಬೇಡ.

ದೊಡ್ಡ ಬಿಲಕ್ಕೆ ಮಣ್ಣು ಮುಚ್ಚಲಿಲ್ಲ. ಒಳಗೆ ಏನಿದೆಯೋ ಗೊತ್ತಿಲ್ಲದೆ ಬಾಯಿ ಕಟ್ಟುವುದು ಸರಿಯಲ್ಲ. ಬದಲಿಗೆ ಎರಡು ಒಣ ಜೋಳದ ಕಣಿಕೆಗಳನ್ನು ಬಾಯಿಗೆ ಅಡ್ಡಲಾಗಿ ಸಿಕ್ಕಿಸಿದೆ. ಬಿಲದ ಮುಂದೆ ಚಾಪೆಯಗಲ ಜಾಗವನ್ನು ಕಸ ತೆಗೆದು ಸಮ ಮಾಡಿ, ಜರಡಿ ಹಿಡಿದ ಮಣ್ಣನ್ನು ತೆಳ್ಳಗೆ ಹರಡಿ, ಮೇಲೆ ಒಲೆಯ ಬೂದಿ ಉದುರಿಸಿದೆ. ಬೂದಿ ದಪ್ಪವಾದರೆ ಗುರುತು ಕುಸಿಯುತ್ತದೆ, ರಂಗೋಲಿ ಪುಡಿಯಷ್ಟು ತೆಳ್ಳಗಿದ್ದರೆ ಸಾಕು. ಬೆಳಿಗ್ಗೆ ಬಿಸಿಲು ಏರುವ ಮೊದಲೇ ನೋಡಬೇಕು. ಓರೆ ಬೆಳಕಿನಲ್ಲಿ ಹೆಜ್ಜೆಯ ಅಂಚಿಗೆ ನೆರಳು ಬಿದ್ದು ಸಣ್ಣ ಗುರುತೂ ಎದ್ದು ನಿಲ್ಲುತ್ತದೆ. ಹತ್ತು ಗಂಟೆಯ ಬಿಸಿಲಿನಲ್ಲಿ ಅದೇ ಜಾಗ ಸಪಾಟಾಗಿ ಕಾಣುತ್ತದೆ, ಅಷ್ಟರಲ್ಲಿ ಗಾಳಿಯೂ ತನ್ನ ಕೆಲಸ ಮುಗಿಸಿರುತ್ತದೆ.

ಬೆಳಿಗ್ಗೆ ಹೋದಾಗ ಕಣಿಕೆಗಳು ಹೊರಕ್ಕೆ ಬಿದ್ದಿದ್ದವು, ಅಂದರೆ ಒಳಗಿನಿಂದ ಏನೋ ಹೊರಟಿತ್ತು. ಬೂದಿಯಲ್ಲಿ ಹೆಜ್ಜೆಗಳು ಚೆನ್ನಾಗಿಯೇ ಮೂಡಿದ್ದವು. ಮುಂಗಾಲಿನದು ಗುಂಡಗೆ, ನಾಲ್ಕು ಬೆರಳು. ಹಿಂಗಾಲಿನದು ಉದ್ದ, ಐದು ಬೆರಳು, ಹಿಮ್ಮಡಿಯ ಗುರುತೂ ಸೇರಿ ಎಳೆಮಗುವಿನ ಪಾದದಂತಿತ್ತು. ಬೆರಳುಗಳ ಮುಂದೆ ದಪ್ಪ ಉಗುರಿನ ಚುಕ್ಕೆಗಳು. ಇದಿಷ್ಟೇ ಆಗಿದ್ದರೆ ಇನ್ನೂ ಅನುಮಾನಿಸುತ್ತಿದ್ದೆನೇನೋ. ಆದರೆ ಹೆಜ್ಜೆಸಾಲಿನ ಹಿಂದೆ ಮತ್ತು ಪಕ್ಕದಲ್ಲಿ, ಬೂದಿಯ ಮೇಲೆ ಕೂದಲೆಳೆಯಂಥ ಸಣ್ಣ ಗೆರೆಗಳು ಒತ್ತಾಗಿ ಎಳೆದುಕೊಂಡು ಹೋಗಿದ್ದವು. ಬಾಲದ ಒಂದು ಗೆರೆಯಲ್ಲ, ಹತ್ತಾರು ಗೆರೆಗಳು. ಮೈಯಿಂದ ಇಳಿಬಿದ್ದ ಮುಳ್ಳುಗಳ ತುದಿ ನೆಲ ಸವರಿದ ಗುರುತು ಅದು. ಮುಳ್ಳುಹಂದಿ.

ನರಿಯಾಗಿದ್ದರೆ ಸಣ್ಣ ನಾಯಿಯಂತೆ ನಾಲ್ಕೂ ಕಾಲಿಗೆ ನಾಲ್ಕು ಬೆರಳಿನ ಗುರುತೇ ಬೀಳುತ್ತಿತ್ತು. ಬಾಲದ ತುದಿ ಕಪ್ಪಗಿರುವ ನಮ್ಮ ಬಯಲಿನ ಸಣ್ಣ ನರಿಗೆ ಹಲವು ಬಾಯಿಗಳ ಬಿಲ ತೋಡುವ ಅಭ್ಯಾಸವಿದೆ. ಆದರೆ ಅದು ಹೆಚ್ಚಾಗಿ ತೆರೆದ ಬಯಲನ್ನು ಆರಿಸಿಕೊಳ್ಳುತ್ತದೆ, ಅದರ ಹಿಕ್ಕೆಯಲ್ಲಿ ಬಾರಿ ಹಣ್ಣಿನ ಬೀಜ, ಜೀರುಂಡೆಯ ರೆಕ್ಕೆ, ಇಲಿಯ ಕೂದಲು ಸಿಗುತ್ತವೆ.

ಹೆಜ್ಜೆ ಒಂದನ್ನೇ ನಂಬಬಾರದು ಎಂದು ಬೇರೆ ಸಾಕ್ಷಿಗಳನ್ನೂ ಹುಡುಕಿದೆ. ಬಂಡೆಯ ಸುತ್ತ ಕುರಿ ಮೇಯಿಸುವ ಹಿರಿಯರೊಬ್ಬರು ಜೊತೆಗೆ ಬಂದರು. ಬಿಲದಿಂದ ಸ್ವಲ್ಪ ದೂರದಲ್ಲಿ ಬಿದ್ದಿದ್ದ ಹಿಕ್ಕೆಯನ್ನು ಕಡ್ಡಿಯಿಂದ ಮುರಿದು ತೋರಿಸಿ, "ನೋಡು ತಮ್ಮಾ, ಒಳಗೆ ಬರೀ ನಾರು. ಮಾಂಸ ತಿನ್ನುವುದರ ಹಿಕ್ಕೆ ಹೀಗಿರುವುದಿಲ್ಲ" ಎಂದರು. ಖರ್ಜೂರದ ಬೀಜದ ಆಕಾರ, ಕೆಲವು ಒಂದಕ್ಕೊಂದು ನಾರಿನಿಂದ ಅಂಟಿಕೊಂಡಿದ್ದವು. ಬಿಲದ ಬಾಯಲ್ಲೇ ಕಪ್ಪು ಬಿಳುಪು ಪಟ್ಟೆಯ ಒಂದು ಮುರಿದ ಮುಳ್ಳು, ಪಕ್ಕದಲ್ಲಿ ಹಲ್ಲಿನಿಂದ ಕೆರೆದ ಒಣ ಮೂಳೆ. ಮುಳ್ಳುಹಂದಿ ಸಸ್ಯಾಹಾರಿಯಾದರೂ ಮೂಳೆ ಕಡಿಯುತ್ತದೆ, ಬಿಲಕ್ಕೆ ಹೊತ್ತು ತರುತ್ತದೆ. ಇದು ಗೊತ್ತಿಲ್ಲದವರು ಮೂಳೆ ಕಂಡೊಡನೆ ತೋಳವೆಂದೋ ಚಿರತೆಯೆಂದೋ ಊರು ಕೂಗುತ್ತಾರೆ.

ಡ್ರಿಪ್ ಪೈಪುಗಳ ಲೆಕ್ಕ ಮಾತ್ರ ಎರಡು ಪಾಲಾಯಿತು. ಕಡಿದ ತುಂಡುಗಳನ್ನು ಆಯ್ದು ತಂದು ಜಗುಲಿಯ ಮೇಲೆ ಸಾಲಾಗಿ ಇಟ್ಟೆ. ಕೆಲವದರಲ್ಲಿ ಹಲ್ಲಿನ ಗೆರೆ ತೀರ ಸಣ್ಣದು, ಒಂದೊಂದು ಗೆರೆ ಬೆಂಕಿಕಡ್ಡಿಯಷ್ಟು ಅಗಲವೂ ಇಲ್ಲ. ಅವು ಇಲಿಯವು. ಇನ್ನು ಕೆಲವದರಲ್ಲಿ ಉಳಿ ಇಟ್ಟು ಕೆತ್ತಿದಂತೆ ಅಗಲವಾದ ಜೋಡಿ ಗೆರೆ. ಗಿಡದ ಬುಡದ ತೊಗಟೆಯ ಮೇಲಿದ್ದದ್ದೂ ಇದೇ ಅಗಲದ ಗೆರೆ, ಅದೂ ನೆಲಮಟ್ಟದಿಂದ ಒಂದು ಅಡಿಯೊಳಗೆ. ಬೇಸಿಗೆಯಲ್ಲಿ ಗುಡ್ಡದಲ್ಲಿ ಹನಿ ನೀರಿಲ್ಲದಾಗ, ನೀರು ತುಂಬಿದ ಪೈಪು ಮುಳ್ಳುಹಂದಿಗೆ ಕುಡಿಯುವ ದಾರಿಯಾಗಿತ್ತು.

ದಾಳಿಂಬೆ ಕಳ್ಳರ ಭಯಕ್ಕೆ ಹಾಕಿಸಿದ ಸೌರ ಕ್ಯಾಮೆರಾ ಕಂಬದ ಮೇಲೆ ಸುಮ್ಮನೆ ಕೂತಿತ್ತು. ಅದನ್ನು ಬದುವಿನ ಕಡೆ ತಿರುಗಿಸಿದ ಮೇಲೆ ಉಳಿದದ್ದೂ ತಿಳಿಯಿತು. ಕತ್ತಲಾದ ಮೇಲೆ ಎರಡು ದೊಡ್ಡವು, ಹಿಂದೆ ಒಂದು ಮರಿ. ಮುಳ್ಳುಹಂದಿಗಳು ಜೋಡಿಯಾಗಿಯೇ ಬಾಳುತ್ತವೆ, ಮರಿಯೂ ಅದೇ ಬಿಲದಲ್ಲಿ ಬೆಳೆಯುತ್ತದೆ. ಅದೇ ಕ್ಯಾಮೆರಾದಲ್ಲಿ ಹಗಲು ಹೊತ್ತು ಒಂದು ಉಡ ಬಂಡೆಯ ಇನ್ನೊಂದು ಬದಿಯ ಹಳೆಯ ತೂತಿನೊಳಗೆ ನುಗ್ಗುವುದೂ ಸಿಕ್ಕಿತು. ಹೋಗಿ ನೋಡಿದರೆ ಆ ತೂತು ಎತ್ತರಕ್ಕಿಂತ ಅಗಲ ಹೆಚ್ಚಿದ್ದ ಅರ್ಧಚಂದ್ರ, ಮುಂದಿನ ಧೂಳಿನಲ್ಲಿ ಎರಡು ಸಾಲು ಹೆಜ್ಜೆಯ ನಡುವೆ ಬಾಲ ಎಳೆದ ಒಂದೇ ಗೆರೆ. ಹಿಕ್ಕೆಯ ತುದಿಯಲ್ಲಿ ಸುಣ್ಣದಂಥ ಬಿಳಿ ಭಾಗ.

ಇಷ್ಟು ತಿಳಿಯದೆ ವಿಷ ಹಾಕಿದ್ದರೆ ಏನಾಗುತ್ತಿತ್ತು ಎಂಬುದನ್ನು ಹೇಳಲೇಬೇಕು. ಬಿಲ ಕಂಡಲ್ಲೆಲ್ಲ ಇಲಿ ಪಾಷಾಣ ಎಸೆಯುವ ರೂಢಿ ನಮ್ಮಲ್ಲಿದೆ. ವಿಷ ತಿಂದ ಇಲಿಯನ್ನು ತಿಂದು ಉಡ, ಮುಂಗುಸಿ, ಗೂಬೆ ಸಾಯುತ್ತವೆ. ಇಲಿಯನ್ನು ಹಿಡಿಯುವವು ಅವೇ. ಕಾನೂನಿನ ಮಾತೂ ಇದೆ: ಉಡ ಮತ್ತು ಚಿಪ್ಪುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುಳ್ಳುಹಂದಿಗೂ ಆ ಕಾಯ್ದೆಯ ರಕ್ಷಣೆ ಇದೆ. ಬಿಲಕ್ಕೆ ಮೆಣಸಿನಕಾಯಿ ಹೊಗೆ ಹಾಕುವುದು, ಉರುಳು ಒಡ್ಡುವುದು ಎಲ್ಲ ಅಪರಾಧವೇ. ಮುಳ್ಳು ಎಸೆದು ಕೊಲ್ಲುತ್ತದೆ ಎಂಬ ಭಯದಿಂದ ಇದನ್ನೆಲ್ಲ ಮಾಡುವವರಿದ್ದಾರೆ. ಅದು ಮುಳ್ಳನ್ನು ಎಸೆಯುವುದಿಲ್ಲ. ಅಟ್ಟಿಸಿಕೊಂಡು ಹೋದರೆ ಹಿಮ್ಮುಖವಾಗಿ ನುಗ್ಗಿ ಚುಚ್ಚುತ್ತದೆ. ಅಟ್ಟದಿದ್ದರೆ ಅದರ ಪಾಡಿಗೆ ಅದು.

ನಾನು ಮಾಡಿದ್ದು ಹೆಚ್ಚೇನಿಲ್ಲ. ಗುಡ್ಡದ ಕಡೆಯ ಜಾಲರಿ ಬೇಲಿಯ ಬುಡವನ್ನು ಒಂದು ಅಡಿ ಆಳಕ್ಕೆ ಮಣ್ಣಿನಲ್ಲಿ ಹೂತೆ. ಮೇಲೆ ಎಷ್ಟೇ ಎತ್ತರವಿದ್ದರೂ ತೋಡುವ ಪ್ರಾಣಿಗೆ ಅದು ಲೆಕ್ಕವಲ್ಲ. ಬಿಲ ಬೇಲಿಯ ಆಚೆ ಉಳಿಯಿತು. ಅಲ್ಲೇ ಗುಡ್ಡದ ಕಡೆ ಒಂದು ಹಳೆಯ ಬಾನಿಯನ್ನು ಹೂತು ಬೇಸಿಗೆಯಲ್ಲಿ ನೀರು ತುಂಬಿಸುತ್ತೇನೆ. ಇದಕ್ಕೆ ಸೋದರಮಾವ ಇಂದಿಗೂ ನಗುತ್ತಾರೆ, ಆದರೆ ಅಗಲ ಹಲ್ಲಿನ ಗೆರೆಯ ಪೈಪು ಆಮೇಲೆ ಸಿಕ್ಕಿಲ್ಲ. ಉದುರಿದ ಒಡಕು ಹಣ್ಣುಗಳನ್ನು ಸಂಜೆಯೊಳಗೆ ಆಯ್ದು ಹೊರಹಾಕುತ್ತೇವೆ. ಇಲಿಗಳಿಗೆ, ತೋಟದ ನಡುವೆ ಗೂಬೆ ಕೂರಲು ಟಿ ಆಕಾರದ ಕಂಬಗಳನ್ನು ನೆಟ್ಟಿದ್ದೇನೆ. ಅಷ್ಟರಿಂದಲೇ ಇಲಿ ತೀರಿಲ್ಲ, ಬಿಲ ಮುಚ್ಚಿ ನೋಡುವ ಕೆಲಸ ನಡೆದೇ ಇದೆ.

ಈಗ ಸುತ್ತಲಿನ ತೋಟದವರು ಬಿಲದ ಫೋಟೊ ತೆಗೆದು ಮೊಬೈಲಿಗೆ ಕಳಿಸಿ "ಇದು ಯಾವುದಣ್ಣ?" ಎಂದು ಕೇಳುತ್ತಾರೆ. ಬರೀ ಕಪ್ಪು ತೂತಿನ ಚಿತ್ರದಿಂದ ಏನೂ ಹೇಳಲಾಗುವುದಿಲ್ಲ. ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟು ತೆಗೆಯಬೇಕು. ಮುಂದೆ ಬಿದ್ದ ಮಣ್ಣು ಪೂರ್ತಿ ಕಾಣುವಂತೆ ಇನ್ನೊಂದು, ಹೆಜ್ಜೆ ಇದ್ದರೆ ನೇರ ಮೇಲಿನಿಂದ ಮತ್ತೊಂದು, ಹಿಕ್ಕೆ ಸಿಕ್ಕರೆ ಅದನ್ನು ಮುರಿದು ಒಳಭಾಗದ್ದೊಂದು. ಬಿಲದೊಳಗೆ ಕೈಯನ್ನಾಗಲಿ ಮೊಬೈಲನ್ನಾಗಲಿ ತೂರಿಸಬಾರದು. ತೋಡಿದ್ದು ಯಾರೇ ಇರಲಿ, ಈಗ ಒಳಗಿರುವುದು ಕೊಳಕುಮಂಡಲವೇ ಇದ್ದೀತು.