ಆಂಟೆನಾ ಟಿವಿ ರೆಕಾರ್ಡಿಂಗ್: ಹಳೇ ಲ್ಯಾಪ್‌ಟಾಪ್ ಸಾಕು
ಹಳೇ ಲ್ಯಾಪ್‌ಟಾಪ್, ಯುಎಸ್‌ಬಿ ಟ್ಯೂನರ್ (ಆಂಟೆನಾದ ಸಿಗ್ನಲನ್ನು ಲ್ಯಾಪ್‌ಟಾಪ್‌ಗೆ ತಲುಪಿಸುವ ಸಾಧನ), ಟಿವಿಹೆಡ್‌ಎಂಡ್ (Tvheadend) ಎಂಬ ಉಚಿತ ರೆಕಾರ್ಡಿಂಗ್ ತಂತ್ರಾಂಶ ಇದ್ದರೆ ಆಂಟೆನಾದಲ್ಲಿ ಬರುವ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಬಹುದು. ಟ್ಯೂನರ್ ಕೊಳ್ಳುವ ಮುಂಚೆ ನಿಮ್ಮಲ್ಲಿನ ಪ್ರಸಾರ ಡಿವಿಬಿ-ಟಿ2ವೋ, ಎಟಿಎಸ್‌ಸಿಯೋ (ಇವು ಬೇರೆ ಬೇರೆ ಡಿಜಿಟಲ್ ಟಿವಿ ಪ್ರಸಾರ ಪದ್ಧತಿಗಳು) ಅಂತ ಖಚಿತ ಮಾಡಿಕೊಳ್ಳಿ. ಒಂದರ ಟ್ಯೂನರ್ ಇನ್ನೊಂದಕ್ಕೆ ನಡೆಯಲ್ಲ.

ಹೆಚ್ಚಿನವರು ಎಡವೋದು ಡಿಸ್ಕ್ ವಿಷಯದಲ್ಲಿ. ಸೆಕೆಂಡಿಗೆ 8 ಮೆಗಾಬಿಟ್‌ನ ಚಾನೆಲ್ ಗಂಟೆಗೆ 3.6 ಜಿಬಿ ತಿನ್ನುತ್ತೆ. ಡ್ರೈವ್ ಫ್ಯಾಟ್32 (ಫೈಲ್ ಜೋಡಿಸಿಡುವ ಹಳೇ ಪದ್ಧತಿ) ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಎರಡು ಗಂಟೆಯ ಸಿನಿಮಾ ಅರ್ಧಕ್ಕೇ ನಿಂತುಬಿಡುತ್ತೆ. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ದರೆ ಡ್ರೈವನ್ನು ಈ ಮಿತಿ ಇಲ್ಲದ ಎಕ್ಸ್ಟ್4 (ext4) ಪದ್ಧತಿಗೆ ಫಾರ್ಮ್ಯಾಟ್ ಮಾಡಿ. ಒಳಗಿರೋದೆಲ್ಲ ಅಳಿಸಿಹೋಗುತ್ತೆ, ಮೊದಲೇ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ.

ಚಿತ್ರ ಚೌಕಚೌಕವಾಗಿ ಒಡೆಯುತ್ತಿದೆಯಾ? ತಕ್ಷಣ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್ ತರಬೇಡಿ. ಟವರ್ ಹತ್ತಿರವಿದ್ದರೆ ಸಿಗ್ನಲ್ ಅತಿಯಾಗಿ ಟ್ಯೂನರ್ ಇನ್ನಷ್ಟು ತಡವರಿಸುತ್ತೆ. ಪಕ್ಕದಲ್ಲೇ ಇರುವ ಯುಎಸ್‌ಬಿ 3 ಡಿಸ್ಕ್ ಕೂಡ ಸಿಗ್ನಲ್‌ಗೆ ಅಡ್ಡಿಯಾಗುವ ವಿದ್ಯುತ್ ಗದ್ದಲ ಹುಟ್ಟಿಸಬಹುದು. ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಟ್ಯೂನರನ್ನು ದೂರ ಇಡಿ.

ಫೈಲನ್ನು ಟಿಎಸ್ (ಪ್ರಸಾರ ಬರುವ ಮೂಲ ರೂಪ, .ts ಫೈಲ್) ರೂಪದಲ್ಲೇ ಉಳಿಸಿ. ನಡುವೆ ಕರೆಂಟ್ ಹೋದರೂ ಅಲ್ಲಿವರೆಗಿನ ಭಾಗ ಸಾಮಾನ್ಯವಾಗಿ ಓಡುತ್ತೆ, ಎಂಪಿ4 ಆದರೆ ಪೂರ್ತಿ ಕೈಕೊಡಬಹುದು. ಲ್ಯಾಪ್‌ಟಾಪ್‌ನ ಸ್ಲೀಪ್ ಆಫ್ ಮಾಡಿ. ಶುರುವಿಗೆ 2 ನಿಮಿಷ, ಕೊನೆಗೆ 10 ನಿಮಿಷ ಹೆಚ್ಚುವರಿ ಇಡಿ; ನೇರಪ್ರಸಾರದ ಪಂದ್ಯಕ್ಕೆ ಕನಿಷ್ಠ ಒಂದು ಗಂಟೆ.