ಹಳೆಯ ರೇಜರಿಗೆ ಹುಣಸೆಹಣ್ಣು ಮುಟ್ಟಿಸಬೇಡಿ

ಕಳೆದ ದೀಪಾವಳಿಗೆ ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ನಮ್ಮ ಮಾವನವರ ಸೇಫ್ಟಿ ರೇಜರ್ ಸಿಕ್ಕಿತು. ನಾನು ಹಿತ್ತಲಿನಲ್ಲಿ ಹಾಸಿಗೆಗಳನ್ನು ಬಿಸಿಲಿಗೆ ಹರವಿ ಒಳಗೆ ಬರುವಷ್ಟರಲ್ಲಿ ಮೊಮ್ಮಗ ಅದಕ್ಕೆ ಹುಣಸೆಹಣ್ಣು ಮೆತ್ತಿ, ಪಾತ್ರೆ ತಿಕ್ಕುವ ತಂತಿಯ ನಾರಿನಿಂದ ಗಸಗಸನೆ ಉಜ್ಜುತ್ತಿದ್ದ. "ನೋಡಜ್ಜಿ, ಬಂಗಾರದಂಗೆ ಹೊಳಿತೈತಿ" ಎಂದು ಕೈಯೆತ್ತಿ ತೋರಿಸಿದ. ಹೊಳೆಯುತ್ತಿದ್ದುದು ಬಂಗಾರವಲ್ಲ, ಒಳಗಿನ ಹಿತ್ತಾಳೆ. ಅದರ ಮೇಲೆ ಅಷ್ಟು ವರ್ಷ ಗಟ್ಟಿಯಾಗಿ ಕುಳಿತಿದ್ದ ಬೆಳ್ಳನೆಯ ನಿಕಲ್ ಲೇಪ ಕಾಲು ಗಂಟೆಯಲ್ಲಿ ಬಚ್ಚಲು ಸೇರಿತ್ತು. ಪಕ್ಕದ ಮನೆಯ ಹುಡುಗನೊಬ್ಬ ಇದಕ್ಕಿಂತ ಜಾಣ. ತನ್ನ ತಾತನ ರೇಜರನ್ನು ಕುಕ್ಕರಿನಲ್ಲಿಟ್ಟು ಎರಡು ಸೀಟಿ ಕೂಗಿಸಿದನಂತೆ. ಬೇಕಲೈಟ್ ಎಂಬ ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್ಕಿನ ಹಿಡಿ ಮಂಕಾಗಿ, ಗೀರು ಬಿಟ್ಟು ಹೊರಬಂದಿತು. ಇಂಥವನ್ನು ನೋಡಿ ನೋಡಿ ತಲೆ ಕೆಟ್ಟು ಇದನ್ನು ಬರೆಯುತ್ತಿದ್ದೇನೆ.

ಹಳೆಯ ವಸ್ತು ಕೈಗೆ ಬಂದಾಗ ಮೊದಲು ಅದು ಏನೆಂದು ತಿಳಿಯಬೇಕು, ತೊಳೆಯುವುದು ಆಮೇಲೆ. ಹಿಡಿಯನ್ನು ತಿರುಗಿಸಿದರೆ ತಲೆ, ನಡುವಿನ ತಟ್ಟೆ, ಹಿಡಿ ಎಂದು ಮೂರು ಭಾಗಗಳಾಗಿ ಬಿಚ್ಚಿಕೊಂಡರೆ ಅದು ಮೂರು ತುಂಡಿನ ರೇಜರ್. ಹಿಡಿಯ ಬುಡದ ಗುಬುಟನ್ನು ತಿರುಗಿಸಿದಾಗ ಮೇಲೆ ಎರಡು ಕದಗಳು ತೆರೆದುಕೊಂಡರೆ ಅದು ಒಂದೇ ತುಂಡಿನದು; ಜಿಲೆಟ್ ಕಂಪನಿಯವರು ಈ ಬಗೆಯದನ್ನು 1930ರ ದಶಕದಲ್ಲಿ ತಂದರು. ನಡುವಿನ ತಟ್ಟೆಯ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿದ್ದರೆ ಸಾಮಾನ್ಯವಾಗಿ ಹಳೆಯ ಮಾದರಿ. 1938ರಲ್ಲಿ ಬಂದ ಟೆಕ್ ಎಂಬ ಮಾದರಿಯಲ್ಲಿ ಹಲ್ಲಿನ ಬದಲು ನೇರವಾದ ಪಟ್ಟಿಯಿದೆ. ಈ ಎಲ್ಲದಕ್ಕೂ ಇಂದು ಅಂಗಡಿಯಲ್ಲಿ ಸಿಗುವ ಎರಡು ಅಂಚಿನ ಬ್ಲೇಡು ಕೂರುತ್ತದೆ. ಆದರೆ ಒಂದೇ ಅಂಚಿನ ಬ್ಲೇಡು ಬೇಡುವ ಆಟೋಸ್ಟ್ರಾಪ್ ಎಂಬ ರೇಜರ್, ಅಥವಾ ಪೆಟ್ಟಿಗೆಯ ಒಂದು ಮುಚ್ಚಳದಲ್ಲಿ ಸಾಣೆಕಲ್ಲು, ಇನ್ನೊಂದರಲ್ಲಿ ಚರ್ಮದ ಪಟ್ಟಿಯಿರುವ ಇಂಗ್ಲೆಂಡಿನ ರೋಲ್ಸ್ ರೇಜರ್ ನಿಮಗೆ ಸಿಕ್ಕಿದ್ದರೆ ಈ ಎರಡು ಅಂಚಿನ ಬ್ಲೇಡನ್ನು ಬಲವಂತವಾಗಿ ತುರುಕಬೇಡಿ.

ಇನ್ನು ಇಸವಿಯ ವಿಚಾರ. ತಲೆಯ ಮೇಲೆ '1904ರ ನವೆಂಬರ್ 15' ಎಂಬ ತಾರೀಖು ಇಂಗ್ಲಿಷಿನಲ್ಲಿ ಕೆತ್ತಿರುವುದನ್ನು ಕಂಡವರೆಲ್ಲ ತಮ್ಮ ರೇಜರ್ ಅಂದೇ ಹುಟ್ಟಿತೆಂದು ಕುಣಿಯುತ್ತಾರೆ. ಅದು ಕಿಂಗ್ ಜಿಲೆಟ್ ಎಂಬಾತನಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ ದಿನ. ಮುಂದೆ ಎಷ್ಟೋ ವರ್ಷ ತಯಾರಾದ ರೇಜರುಗಳ ಮೇಲೂ ಅದೇ ತಾರೀಖನ್ನು ಹೊಡೆದಿದ್ದಾರೆ. ಮಾರಾಟ ಶುರುವಾದ 1903ರಲ್ಲಿ ಆತ ಮಾರಿದ್ದು 51 ರೇಜರುಗಳನ್ನು ಮಾತ್ರ. ಆಮೇಲೆ ಮೊದಲ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಸೈನಿಕರಿಗೆಂದೇ ಸುಮಾರು 35 ಲಕ್ಷ ಸೆಟ್ಟುಗಳು ಹೋದವು. ಹಾಗಾಗಿ ಸಂತೆಯಲ್ಲಿ ಯಾರಾದರೂ "ನೂರಾಹದಿನೈದು ವರ್ಷದ್ದು, ಪ್ರಪಂಚದಲ್ಲಿ ಇದೊಂದೇ" ಎಂದು ಸಾವಿರಗಟ್ಟಲೆ ಕೇಳಿದರೆ ನಕ್ಕು ಮುಂದೆ ನಡೆಯಿರಿ. 1951ರಿಂದ ಈಚೆಗೆ ಅಮೆರಿಕದಲ್ಲಿ ಮಾಡಿದ ಜಿಲೆಟ್ ರೇಜರಿನ ತಲೆಯ ಅಡಿಯಲ್ಲಿ ಒಂದು ಅಕ್ಷರ, ಒಂದು ಅಂಕಿ ಇರುತ್ತವೆ: ಡಬ್ಲ್ಯು ಎಂದರೆ 1951, ಎಕ್ಸ್ 1952, ವೈ 1953, ಝಡ್ 1954, ಅಲ್ಲಿಂದ ಮತ್ತೆ ಎ ಎಂದರೆ 1955, ಬಿ 1956, ಹೀಗೆಯೇ ಮುಂದಕ್ಕೆ. ಅಂಕಿಯು ವರ್ಷದ ಎಷ್ಟನೆಯ ಮೂರು ತಿಂಗಳೆಂಬುದನ್ನು ಹೇಳುತ್ತದೆ. ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರೆ ಕಾಣುತ್ತದೆ.

ಲೋಹ ಯಾವುದೆಂದು ತಿಳಿಯಲು ಬ್ಲೇಡನ್ನು ತೆಗೆದ ಮೇಲೆ ಅಯಸ್ಕಾಂತ ಹಿಡಿಯಿರಿ. ಬ್ಲೇಡು ಒಳಗಿದ್ದರೆ ಅದೇ ಅಂಟಿಕೊಂಡು ನಿಮ್ಮನ್ನು ಮೋಸಗೊಳಿಸುತ್ತದೆ. ಹಿತ್ತಾಳೆಯದು ಕೈಗೆ ಭಾರ, ಅಯಸ್ಕಾಂತಕ್ಕೆ ಬಿಗಿಯಾಗಿ ಅಂಟುವುದಿಲ್ಲ. ಹಗುರವಾಗಿ, ಬೂದು ಬಣ್ಣಕ್ಕಿದ್ದರೆ ಅಲ್ಯೂಮಿನಿಯಂ, ಅದಕ್ಕೆ ಸೋಡಾ ಸೋಕಿದರೆ ಕಪ್ಪಾಗುತ್ತದೆ. ಮೇಲಿನ ಲೇಪದಲ್ಲಿ ತುಸು ಹಳದಿಯ ಛಾಯೆಯಿದ್ದರೆ ನಿಕಲ್, ನೀಲಿಯ ಛಾಯೆಯಿದ್ದರೆ ಕ್ರೋಮಿಯಂ, ಕಪ್ಪಗೆ ಮಾಸಿದ್ದರೆ ಬೆಳ್ಳಿ. ಹಸಿರಾಗಿ ಕೂತದ್ದು ಕಿಲುಬು, ಅದು ಹಿತ್ತಾಳೆಯದು. ಕೆಂಪಗೆ ಕಾಣುವ ತುಕ್ಕು ಮಾತ್ರ ಬಹುಪಾಲು ರೇಜರಿನದಲ್ಲ, ಅದರೊಳಗೆ ಮರೆತುಬಿಟ್ಟ ಬ್ಲೇಡಿನದು. 1960ರ ದಶಕದ ಆರಂಭದಲ್ಲಿ ಸ್ಟೇನ್‌ಲೆಸ್ ಬ್ಲೇಡು ಬರುವವರೆಗೂ ಬ್ಲೇಡುಗಳು ಬಹುಪಾಲು ತುಕ್ಕು ಹಿಡಿಯುವ ಉಕ್ಕಿನವೇ ಆಗಿದ್ದುದರಿಂದ ನಮ್ಮ ಮಾವನವರು ದಿನವೂ ದಾಡಿ ಮುಗಿಸಿ ಮೂರೂ ತುಂಡನ್ನು ಬಿಚ್ಚಿ, ಬ್ಲೇಡನ್ನು ಪಂಚೆಯ ತುದಿಯಿಂದ ಒತ್ತಿ ಒರೆಸಿಯೇ ಎದ್ದು ಬರುತ್ತಿದ್ದರು. ಅವರ ಕೆಲಸದ ಗಿರಣಿಯ ಕೂಗು ಕೇಳಿಸಿದರೂ ಆ ಕೆಲಸ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ.

ತೊಳೆಯಲು ಅಂಟವಾಳಕಾಯಿ ಸಾಕು. ಒಂದು ಹಿಡಿ ಕಾಯಿಯನ್ನು ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ, ಕೂಸಿಗೆ ಎರೆಯುವಷ್ಟು ಬೆಚ್ಚಗೆ ಮಾಡಿ, ಬಿಚ್ಚಿದ ತುಂಡುಗಳನ್ನು ಅದರಲ್ಲಿ ಮುಳುಗಿಸಿಡಿ. ಅಡುಗೆ ಮುಗಿಸಿ ಬರುವಷ್ಟರಲ್ಲಿ ವರ್ಷಗಳ ಸೋಪಿನ ಜಿಡ್ಡು ಮೆತ್ತಗಾಗಿರುತ್ತದೆ. ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಬಿಡುತ್ತದೆ. (ಉಳಿದ ನೀರನ್ನು ಚೆಲ್ಲಬೇಡಿ. ಇಳಕಲ್ ಸೀರೆಯ ರೇಷ್ಮೆಯ ಸೆರಗಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಸೀರೆಯನ್ನು ಹಿಂಡದೆ, ನೆರಳಿನಲ್ಲಿ ಹರವಿ. ವಾಷಿಂಗ್ ಮಷಿನ್ನಿಗೆ ಹಾಕುವ ಸೊಸೆಯಂದಿರಿಗೆ ನಾನು ಏನೂ ಹೇಳುವುದಿಲ್ಲ.) ದಾವಣಗೆರೆಯ ಕೊಳವೆಬಾವಿಯ ಗಡಸು ನೀರಿನಿಂದ ಹಂಡೆಯೊಳಗೆ ಕಟ್ಟುವಂಥದೇ ಬಿಳಿಯ ಹೊಪ್ಪಳೆ ರೇಜರಿನ ಮೇಲೂ ಕಟ್ಟಿದ್ದರೆ, ಬಟ್ಟಲು ನೀರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ, ಒಲೆಯ ಮೇಲೆ ಹಾಲು ಉಕ್ಕುವಷ್ಟು ಹೊತ್ತು ಮಾತ್ರ ಇಟ್ಟು ತೆಗೆದು, ಬೇರೆ ನೀರಿನಲ್ಲಿ ಜಾಲಿಸಿ. ಹುಳಿಯಲ್ಲಿ ರಾತ್ರಿಯೆಲ್ಲ ಬಿಟ್ಟರೆ ಲೇಪ ಸವೆದ ಕಡೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ದೇವರ ದೀಪಕ್ಕೆ ಹುಣಸೆಹಣ್ಣು ಸರಿ, ಏಕೆಂದರೆ ದೀಪಕ್ಕೆ ಲೇಪವಿಲ್ಲ. ಇಷ್ಟು ಸಣ್ಣ ವ್ಯತ್ಯಾಸ ಓದಿದ ಹುಡುಗರಿಗೆ ಹೊಳೆಯುವುದಿಲ್ಲ.

ಎಲ್ಲರೂ ಬಿಟ್ಟುಬಿಡುವ ಜಾಗವೆಂದರೆ ತಿರುಪಿನ ಸುತ್ತುಗಳು. ತಲೆಯ ಕೆಳಗಿನ ಮೊಳೆಯ ಸುತ್ತುಗಳ ಸಂದಿಯಲ್ಲಿ ಸೋಪು, ಕೂದಲು, ಕಿಲುಬು ಸೇರಿ ಗಟ್ಟಿಯಾಗಿರುತ್ತವೆ; ಬ್ರಷ್ಷು ಮೇಲೆ ಜಾರಿ ಹೋಗುತ್ತದೆ, ಸೂಜಿ ಲೋಹವನ್ನು ಗೀಚುತ್ತದೆ. ಇದಕ್ಕೆ ನೂಲೊಂದೇ ಮದ್ದು, ಅದೂ ಹತ್ತಿಯ ನೂಲು. ನಮ್ಮ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಮಾವನವರು ಗಿರಣಿಯಲ್ಲಿ ಗುಮಾಸ್ತರಾಗಿದ್ದರು, ಕೈಚೀಲದಲ್ಲಿ ಸದಾ ಕಸದ ನೂಲಿನ ಒಂದು ಮುದ್ದೆ ಇರುತ್ತಿತ್ತು. ಈ ಉಪಾಯವನ್ನು ನನಗೆ ಕಲಿಸಿದವರು ಅವರೇ. ನಾನು ಹೊಸದಾಗಿ ಬಂದ ಸೊಸೆ, ಬಾಗಿಲ ಹಿಂದೆ ನಿಂತು ನೋಡಿ ಕಲಿತೆ ಎಂದರೆ ಹೆಚ್ಚು ಸರಿ.

ನಾಲ್ಕೆಳೆ ನೂಲನ್ನು ತೊಡೆಯ ಮೇಲೆ ಹೊಸೆದು ದೀಪದ ಬತ್ತಿಗಿಂತ ತುಸು ತೆಳ್ಳಗೆ ಮಾಡಿಕೊಳ್ಳಿ. ತೀರ ದಪ್ಪವಾದರೆ ಸಂದಿಗೆ ಇಳಿಯುವುದಿಲ್ಲ, ತೀರ ತೆಳುವಾದರೆ ಕೊಳೆಯನ್ನು ಹಿಡಿಯುವುದಿಲ್ಲ. ಸುತ್ತಿನ ಮೇಲಿಟ್ಟು ಉಗುರಿನಿಂದ ಒತ್ತಿದಾಗ ಅರ್ಧ ಒಳಗೆ, ಅರ್ಧ ಹೊರಗೆ ನಿಲ್ಲಬೇಕು. ಒಂದು ಮೊಳ ಉದ್ದವಿರಲಿ. ಅದನ್ನು ಅಂಟವಾಳದ ನೀರಿನಲ್ಲಿ ಅದ್ದಿ, ಹಿಂಡಿ, ಮೊಳೆಯ ಬುಡದ ಸಂದಿಗೆ ಒಂದೇ ಸುತ್ತು ಹಾಕಿ, ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಕಡಗೋಲಿನ ಹಗ್ಗವನ್ನು ಎಳೆಯುವಂತೆ ಒಮ್ಮೆ ಈಚೆ, ಒಮ್ಮೆ ಆಚೆ ಎಳೆಯಿರಿ. ರೇಜರಿನ ತಲೆಯನ್ನು ಬಟ್ಟೆಯಲ್ಲಿ ಸುತ್ತಿ ಮನೆಯವರು ಯಾರಾದರೂ ಹಿಡಿದುಕೊಳ್ಳಲಿ. ಒಬ್ಬರೇ ಇದ್ದರೆ ಎರಡು ಮೊಣಕಾಲಿನ ನಡುವೆ ಒತ್ತಿಹಿಡಿಯಿರಿ. ಎಳೆತ ಸರಾಗವಾದಾಗ ನೂಲು ತಾನಾಗಿ ಮೇಲಿನ ಸುತ್ತಿಗೆ ಹತ್ತುತ್ತದೆ, ನೀವು ಅವಸರ ಮಾಡಬೇಕಿಲ್ಲ. ತುದಿಗೆ ಬರುವಷ್ಟರಲ್ಲಿ ನೂಲು ಕಪ್ಪು-ಹಸಿರಾಗಿರುತ್ತದೆ. ಅದನ್ನು ಬಿಸಾಡಿ ಹೊಸದನ್ನು ಹೊಸೆಯಿರಿ. ಬಿಳಿಯ ನೂಲು ಬಿಳಿಯಾಗಿಯೇ ಹೊರಬರುವವರೆಗೆ ಬಿಡಬೇಡಿ, ಮೂರು ಸಲವಾಗಲಿ ಏಳು ಸಲವಾಗಲಿ. ಹಿಡಿಯ ಒಳಗಿನ ಸುತ್ತುಗಳಿಗೆ ಇದೇ ನೂಲನ್ನು ಬೇವಿನ ಕಡ್ಡಿಗೆ ಸುತ್ತಿ, ತಿರುಪು ಹಾಕುವ ದಿಕ್ಕಿಗೇ ತಿರುಗಿಸುತ್ತ ಇಳಿಸಿ, ಅದೇ ರೀತಿ ಹಿಂದಕ್ಕೆ ತಿರುಗಿಸಿ ತೆಗೆಯಿರಿ. ನಡುವಿನ ತಟ್ಟೆಯ ತೂತುಗಳಿಗೂ, ಬಾಚಣಿಗೆಯ ಒಂದೊಂದು ಹಲ್ಲಿನ ಸಂದಿಗೂ ನೂಲನ್ನು ಪೋಣಿಸಿ ಎಳೆಯಿರಿ. ದರ್ಜಿಯ ಪಾಲಿಯೆಸ್ಟರ್ ದಾರ ಆಗುವುದಿಲ್ಲವೇ ಎಂದು ನನ್ನ ಮಗಳು ಕೇಳಿದಳು. ಆಗುವುದಿಲ್ಲ. ಅದು ಜಾರುತ್ತದೆ, ಕೊಳೆಯನ್ನು ಹೀರುವುದಿಲ್ಲ. ಕೆಲಸ ಮುಗಿದ ಮೇಲೆ ಒಣ ನೂಲಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಮುಟ್ಟಿಸಿ, ಕೊನೆಯ ಬಾರಿ ಅದೇ ಸುತ್ತುಗಳಲ್ಲಿ ಎಳೆದರೆ ತಿರುಪು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ.

ಕದ ತೆರೆಯುವ ರೇಜರನ್ನು ಬಿಚ್ಚುವ ಸಾಹಸಕ್ಕೆ ಹೋಗಬೇಡಿ. ಅಂಟವಾಳದ ನೀರಿನಲ್ಲಿ ಹತ್ತಾರು ಸಲ ತೆರೆದು ಮುಚ್ಚಿ, ಚೆನ್ನಾಗಿ ಒಣಗಿಸಿ, ಕದದ ಸಂದಿಗೂ ಗುಬುಟಿನ ಬುಡಕ್ಕೂ ಅದೇ ಎಣ್ಣೆಯನ್ನು ಬಿಡಿ. ಕೊಬ್ಬರಿ ಎಣ್ಣೆ ಬೇಡ, ಅದು ದಿನ ಕಳೆದಂತೆ ಅಂಟಾಗುತ್ತದೆ. ಚಿನ್ನದ ಲೇಪವಿದ್ದರೆ ಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆ, ಅಷ್ಟೇ.

ಲೇಪ ಹೋದದ್ದಕ್ಕೆ ಕಲಾಯಿ ಹಾಕಿಸೋಣವೆಂದು ಮೊಮ್ಮಗ ಸಲಹೆ ಕೊಟ್ಟ. ಕಲಾಯಿ ಎಂದರೆ ಪಾತ್ರೆಯನ್ನು ಬೆಂಕಿಯಲ್ಲಿ ಕಾಯಿಸಿ ತವರ ಬಳಿಯುವುದು. ರೇಜರಿಗೆ ಹಾಗೆ ಮಾಡಿದರೆ ತಿರುಪಿನ ಸುತ್ತೆಲ್ಲ ತವರದಿಂದ ತುಂಬಿ ಮುಚ್ಚಿಹೋಗುತ್ತದೆ. ಮತ್ತೆ ನಿಕಲ್ ಹಾಕಿಸುವುದಾದರೆ ವಿದ್ಯುತ್ತಿನಿಂದ ಲೇಪ ಕೂರಿಸುವವರ ಬಳಿಯೇ ಹೋಗಬೇಕು. ಹಾಗೆಯೇ ಬಿಟ್ಟರೂ ನಷ್ಟವಿಲ್ಲ, ಬರೀ ಹಿತ್ತಾಳೆಯೂ ದಾಡಿ ಮಾಡುತ್ತದೆ, ಒರೆಸಿಡಬೇಕಷ್ಟೆ.

ಜೋಡಿಸುವಾಗ ತಿರುಪನ್ನು ಮೊದಲು ಹಿಂದಕ್ಕೆ ತಿರುಗಿಸಿ. 'ಟಕ್' ಎಂದು ಕುಳಿತ ಮೇಲೆ ಮುಂದಕ್ಕೆ ತಿರುಗಿಸಿದರೆ ಸುತ್ತುಗಳು ಅಡ್ಡ ಕಚ್ಚುವುದಿಲ್ಲ. ಉಪ್ಪಿನಕಾಯಿ ಜಾಡಿಯ ತಿರುಪಿನ ಮುಚ್ಚಳಕ್ಕೂ ಇದೇ ಕ್ರಮ. ಹಳೆಯ ಹಿಡಿಗಳ ಕೊಳವೆಯಲ್ಲಿ ಉದ್ದಕ್ಕೆ ಕೂದಲೆಳೆಯಂಥ ಸೀಳು ಬಿಟ್ಟಿರುವುದುಂಟು, ಆದ್ದರಿಂದ ಬಿಗಿಯುವಾಗ ಪೈಲ್ವಾನರಾಗಬೇಡಿ. ಹೊಸ ಬ್ಲೇಡು ಹಾಕಿ, ತಲೆಯನ್ನು ಬೆಳಕಿಗೆ ನೇರವಾಗಿ ಹಿಡಿದು ನೋಡಿದಾಗ ಎರಡು ಬದಿಗೂ ಬ್ಲೇಡಿನ ಅಂಚು ಸಮವಾಗಿ ಇಣುಕಬೇಕು. ಒಂದು ಬದಿ ಹೆಚ್ಚು ಕಂಡರೆ ಸಡಿಲಿಸಿ ಮತ್ತೆ ಕೂರಿಸಿ. ಆಗಲೂ ಸರಿಬಾರದಿದ್ದರೆ ಎಲ್ಲೋ ಹಲ್ಲು ಬಾಗಿದೆ ಎಂದರ್ಥ, ಅಂಥದನ್ನು ಮುಖಕ್ಕೆ ತಾಗಿಸಬಾರದು.

ಪೆಟ್ಟಿಗೆಯಲ್ಲಿ ರೇಜರಿನ ಜೊತೆಗೆ ಹಳೆಯ ಬ್ಲೇಡುಗಳೂ ಸಿಗುತ್ತವೆ. ಕಾಗದದ ಹೊದಿಕೆ ಎಷ್ಟೇ ಚೆಂದವಿರಲಿ, ಅವುಗಳಿಂದ ದಾಡಿ ಮಾಡಬೇಡಿ. ಹೊದಿಕೆಯನ್ನು ಬೇಕಾದರೆ ಇಟ್ಟುಕೊಂಡು, ಬ್ಲೇಡುಗಳನ್ನು ತಗಡಿನ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿ, ಮೇಲೆ ದಪ್ಪಕ್ಷರದಲ್ಲಿ ಬ್ಲೇಡು ಎಂದು ಬರೆದು, ಕಸದ ಗಾಡಿಯವರಿಗೆ ಬಾಯಿಬಿಟ್ಟು ಹೇಳಿ ಕೈಗೆ ಕೊಡಿ.